ಉಪವಾಸ ಇಬ್ಬರಿಗೆ, ಸುಸ್ತು ಒಂಬತ್ತು ಜನಕ್ಕೆ

ರಂಜಾನ್ ತಿಂಗಳು ಬಂತೆಂದರೆ ನಮ್ಮ ಕಚೇರಿಯಲ್ಲಿ ಉಪವಾಸ ಇರುವವರು ಇಬ್ಬರು, ಸುಸ್ತಾಗುವವರು ಒಂಬತ್ತು ಜನ. ಪ್ರತಿ ವರ್ಷವೂ ಏನಾದರೊಂದು ಆಗುತ್ತಲೇ ಇರುತ್ತದೆ. ಹೋದ ವರ್ಷ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು, ಯಾಕೆಂದರೆ ಹೋದ ವರ್ಷ ನಾವು ಒಂಬತ್ತು ಜನವೂ ಸೇರಿ ಆ ಇಬ್ಬರಿಗೆ ಸಹಕಾರ ಕೊಡುವುದೆಂದು ತೀರ್ಮಾನ ಮಾಡಿದ್ದೆವು.

ಸೊರಬ ಸೀಮೆಯಲ್ಲಿ ಜಮೀನು ಅಳೆಯುವ ಒಂದು ಕಚೇರಿ ಎಂದಷ್ಟೇ ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಹೇಳಿದರೆ ನಾಳೆ ನಾನೇ ಕೂತು ವಿವರಣೆ ಬರೆಯಬೇಕಾಗುತ್ತದೆ. ನಾನು ಅಲ್ಲಿ ಕಡತ ನೋಡಿಕೊಳ್ಳುವವಳು. ನಿವೃತ್ತಿಗೆ ಇನ್ನು ಎರಡು ವರ್ಷ. ಬಾಯಿಗೆ ಮಾತ್ರ ನಿವೃತ್ತಿ ಇಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ಉಪವಾಸದ ಇಬ್ಬರಲ್ಲಿ ಒಬ್ಬರು ನಮ್ಮ ಸರ್ವೆಯರ್. ಶಿಕಾರಿಪುರದಿಂದ ದಿನಾ ಬೈಕಿನಲ್ಲಿ ಬಂದು ಹೋಗುತ್ತಾರೆ, ಅಧಿಕಾರಿಗಳಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರಿಗೂ ಅವರು ಭಾಯ್. ಇನ್ನೊಬ್ಬಳು ಕಂಪ್ಯೂಟರ್ ಆಪರೇಟರ್ ಹುಡುಗಿ. ಮಾತು ಕಡಿಮೆ, ಆದರೆ ಆಡಿದರೆ ಒಂದೇ ಏಟು, ಎರಡು ತುಂಡು.

೧. ಸಭೆಯ ನಿರ್ಣಯ

ಉಪವಾಸದ ಮೊದಲನೇ ದಿನ ಹನ್ನೊಂದು ಗಂಟೆಗೆ ಅಧಿಕಾರಿಗಳು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಮೊಬೈಲಿನಲ್ಲಿ ಏನೋ ಓದಿದ್ದರಂತೆ. ಉಪವಾಸ ಮಾಡುವ ಸಹೋದ್ಯೋಗಿಗಳಿಗೆ ಉಳಿದವರು ಹೇಗೆ ಸಹಕಾರ ಕೊಡಬೇಕು ಎಂದು ಅದರಲ್ಲಿ ಪಟ್ಟಿ ಇತ್ತಂತೆ. “ನಾವೂ ಕೊಡೋಣ. ಭಾಯ್, ನಿಮಗೆ ಏನೇನು ಬೇಕು ಹೇಳಿ” ಎಂದರು.

ಭಾಯ್ ಎದ್ದು ನಿಂತರು. “ಏನೂ ಬ್ಯಾಡ ಸರ್. ಹಬ್ಬಕ್ಕ ಮೂರು ದಿನ ರಜಾ ಕೊಟ್ರೆ ಸಾಕು. ಹೊಸ ಅಳಿಯ ಮೊದಲನೇ ಹಬ್ಬಕ್ಕ ಬರ್ತಾನ.”

ಅದು ಎಂಥ ವಿಷಯ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಳಿಯ ಮೊದಲ ಹಬ್ಬಕ್ಕೆ ಬಂದಾಗ ಮಾವ ಬಾಗಿಲಲ್ಲಿ ನಿಂತಿರಬೇಕು, ಅದು ಯಾವ ಜಾತಿಯಾದರೂ ಅಷ್ಟೇ. ಭಾಯ್ ದೊಡ್ಡ ಮಗಳ ಮದುವೆಯಾದ ವರ್ಷ ಹಬ್ಬದ ಹಿಂದಿನ ದಿನ ಕತ್ತಲಾಗುವವರೆಗೂ ಕ್ಯಾಸನೂರು ಕಡೆ ಯಾರದೋ ಹೊಲದಲ್ಲಿ ಅಳತೆಯ ಸರಪಳಿ ಎಳೆಯುತ್ತಾ ಇದ್ದರು. ಅಳಿಯ ಬಂದಿಳಿದಾಗ ಎದುರುಗೊಂಡಿದ್ದು ಪಕ್ಕದ ಮನೆಯವರು. ಆ ಅಳಿಯ ಇವತ್ತಿಗೂ ಆ ಮಾತು ಎತ್ತುತ್ತಾನೆ, ಮೊಮ್ಮಕ್ಕಳ ಮದುವೆಯವರೆಗೂ ಎತ್ತುತ್ತಾನೆ. ಈಗ ಎರಡನೇ ಮಗಳ ಸರದಿ, ಎರಡನೇ ಸಲವೂ ಹಾಗಾದರೆ ಹೆಂಡತಿ ತನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವರೇ ಹೇಳಿಕೊಂಡಿದ್ದರು.

“ರಜೆ ವಿಷಯ ಆಮೇಲೆ ನೋಡೋಣ, ಮೊದಲು ಸಹಕಾರ” ಎಂದರು ಅಧಿಕಾರಿಗಳು.

ಆಮೇಲೆ ಮುಕ್ಕಾಲು ಗಂಟೆ ನಾವು ಒಂಬತ್ತು ಜನ ಚರ್ಚೆ ಮಾಡಿದೆವು. ಕೊನೆಗೆ ಒಂದು ತಿಂಗಳು ಯಾರೂ ತಮ್ಮ ಮೇಜಿನ ಮೇಲೆ ಚಹಾ ಕುಡಿಯಬಾರದು, ತಿಂಡಿ ತಿನ್ನಬಾರದು, ಅವರ ಎದುರಿಗೆ ಊಟದ ಮಾತು ಆಡಬಾರದು ಎಂದು ನಿರ್ಣಯವಾಯಿತು. ಅಷ್ಟೊತ್ತಿಗೆ ಬಾಗಿಲು ತೆರೆದು ಅಟೆಂಡರ್ ಬಂದ. ನಮ್ಮಲ್ಲಿ ಸಭೆ ಎಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಹೇಳುವುದೇ ಬೇಕಿಲ್ಲ, ಕುರ್ಚಿ ಎಣಿಸಿ ತಂದುಬಿಡುತ್ತಾನೆ. ಹನ್ನೊಂದು ತಟ್ಟೆ ಇಟ್ಟ. ಭಾಯ್ ಮುಂದೆ ಒಂದು, ಹುಡುಗಿ ಮುಂದೆ ಒಂದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಜ್ಜಿ ಬಿಸಿ ಇತ್ತು. “ನಿರ್ಣಯ ನಾಳೆಯಿಂದ ಜಾರಿ ಅಲ್ವಾ ಸರ್?” ಎಂದು ಯಾರೋ ಕೇಳಿದರು. ಹೌದು ಎಂದರು.

ನಡವಳಿ ಬರೆದವಳು ನಾನು. ಮೂವತ್ತು ವರ್ಷದಿಂದ ಒಂದೇ ಮಾದರಿ, ಕೈ ತಾನಾಗಿ ಓಡುತ್ತದೆ. ಸಂಜೆ ಸಹಿ ಹಾಕಿಸಲು ಪುಸ್ತಕ ಕೊಟ್ಟೆ. ಭಾಯ್ ಪೂರ್ತಿ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿ, ಸಹಿ ಹಾಕಿದರು. ಅವರ ಸಹಿಯ ಮೇಲಿನ ಸಾಲು ಹೀಗಿತ್ತು: “ಕೊನೆಯಲ್ಲಿ ಎಲ್ಲ ಸದಸ್ಯರೂ ಲಘು ಉಪಾಹಾರ ಸ್ವೀಕರಿಸುವುದರೊಂದಿಗೆ ಸಭೆಯು ಮುಕ್ತಾಯಗೊಂಡಿತು.”

೨. ರೆಕಾರ್ಡ್ ರೂಮಿನ ಕತ್ತಲೆ

ನಿರ್ಣಯ ಜಾರಿಗೆ ಬಂತು. ಮೇಜಿನ ಮೇಲೆ ಚಹಾ ಕುಡಿಯಬಾರದು ಎಂದರೆ ಚಹಾ ಬಿಡಬೇಕೆಂದೇನೂ ಅಲ್ಲವಲ್ಲ. ಹಳೆ ನಕ್ಷೆ, ಹಳೆ ಪುಸ್ತಕ ತುಂಬಿದ ರೆಕಾರ್ಡ್ ರೂಮ್ ಕಚೇರಿಯ ಹಿಂಭಾಗದಲ್ಲಿದೆ. ಅಟೆಂಡರ್ ಹನ್ನೊಂದಕ್ಕೆ, ಮೂರಕ್ಕೆ ಕೆಟಲ್ ಅಲ್ಲಿ ಇಡುತ್ತಿದ್ದ. ನಾವು ಒಬ್ಬೊಬ್ಬರಾಗಿ ಕೈಯಲ್ಲಿ ಒಂದು ಕಡತ ಹಿಡಿದುಕೊಂಡು, ಏನೋ ಹುಡುಕುವವರ ಹಾಗೆ ಹೋಗುತ್ತಿದ್ದೆವು.

ಒಳಗೆ ಹೋದ ಮೇಲೆ ಬೇಗ ಬರುವ ಮನಸ್ಸು ಯಾರಿಗೂ ಆಗುತ್ತಿರಲಿಲ್ಲ. ಮೇಜಿನ ಮೇಲೆ ಐದು ನಿಮಿಷಕ್ಕೆ ಮುಗಿಯುತ್ತಿದ್ದ ಚಹಾ ಅಲ್ಲಿ ಮೂವತ್ತೈದು ನಿಮಿಷ ಹಿಡಿಯಿತು. ಕದ್ದು ಕುಡಿಯುವ ಚಹಾಕ್ಕೆ ಏಲಕ್ಕಿ ಬೇಡ. ಬಿಸ್ಕತ್ತೂ ಬಂತು. ಮೂರನೇ ದಿನದಿಂದ ನಾನು ಮನೆಯಿಂದ ಕೋಡುಬಳೆ ತರಲು ಶುರು ಮಾಡಿದೆ.

ಒಂದು ದಿನ ಕ್ಯಾಸನೂರು ಕಡೆಯ ರೈತರೊಬ್ಬರು ಬಂದರು, ವಯಸ್ಸಾದವರು. ಕಚೇರಿಯಲ್ಲಿ ಕಂಡದ್ದು ಭಾಯ್ ಮತ್ತು ಹುಡುಗಿ ಇಬ್ಬರೇ. ಭಾಯ್ ತಮ್ಮ ಕೆಲಸದ ಜೊತೆ ನನ್ನ ಕಿಟಕಿಯನ್ನೂ ನೋಡುತ್ತಿದ್ದರು, ಹುಡುಗಿ ನಮ್ಮ ಮೂವರ ಮೇಜಿನ ಅರ್ಜಿ ತೆಗೆದುಕೊಳ್ಳುತ್ತಿದ್ದಳು. ಆ ರೈತರಿಗೆ ಬೇಕಿದ್ದದ್ದು ನನ್ನ ಹತ್ತಿರ ಇದ್ದ ಕಡತ. ಕಾದು ಕಾದು ಬೇಸತ್ತು, ನಮ್ಮನ್ನು ಹುಡುಕುತ್ತಾ ಹಿಂದಕ್ಕೆ ಬಂದು ಬಾಗಿಲು ತಳ್ಳಿದರು. ಆವತ್ತು ಕರೆಂಟ್ ಬೇರೆ ಇರಲಿಲ್ಲ. ಕತ್ತಲಲ್ಲಿ ಎಂಟು ಜನ ಗೋಡೆಗೆ ಒರಗಿ, ತಲೆ ತಗ್ಗಿಸಿ, ಕೈಯಲ್ಲಿ ಲೋಟ ಹಿಡಿದು, ಸದ್ದಿಲ್ಲದೆ ಕುಳಿತಿದ್ದೆವು.

ಅವರು ಮೆಲ್ಲಗೆ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ದನಿ ಇಳಿಸಿ ಕೇಳಿದರು: “ಯಾರು ತೀರಿಕೊಂಡ್ರು ಮಾರಾಯ್ರೆ?”

ನಮ್ಮಲ್ಲೊಬ್ಬರಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ರೈತರು ಅವರ ಬೆನ್ನು ಸವರಿ, “ಸಮಾಧಾನ ಮಾಡಿಕೊಳ್ಳಿ” ಎಂದು ಹೇಳಿ, ನಾಳೆ ಬರುತ್ತೇನೆಂದು ಹೊರಟೇಬಿಟ್ಟರು.

ಸಂಜೆ ಹುಡುಗಿ ನನ್ನ ಮೇಜಿಗೆ ಬಂದಳು. “ಮೇಡಂ, ಕೈ ಮುಗೀತೀನಿ. ನಾಳೆಯಿಂದ ಇಲ್ಲೇ ಕೂತ್ಕೊಂಡು ಚಹಾ ಕುಡೀರಿ. ಕೋಡುಬಳೇನೂ ತಿನ್ರಿ. ನಮ್ಮ ಉಪವಾಸ ನಾವು ತಡ್ಕೊಳ್ತೀವಿ, ನಿಮ್ಮ ಉಪವಾಸ ನಮ್ ಕೈಲಿ ಆಗಲ್ಲ.”

೩. ಅಧಿಕಾರಿಗಳ ಒಂದು ದಿನ

ಹತ್ತನೇ ದಿನವೋ ಹನ್ನೊಂದನೇ ದಿನವೋ, ಅಧಿಕಾರಿಗಳಿಗೆ ಇನ್ನೊಂದು ಯೋಚನೆ ಬಂತು. ಒಂದು ದಿನ ತಾವೂ ಭಾಯ್ ಜೊತೆ ಉಪವಾಸ ಇರುವುದು. “ಬೆಳಗಿನ ಜಾವ ಎದ್ದು ಉಣ್ಣಬೇಕು ಸರ್, ಇಲ್ಲಾಂದ್ರ ತಡಿಯಾಕ ಆಗಂಗಿಲ್ಲ” ಎಂದು ಭಾಯ್ ಹೇಳಿಯೇ ಹೇಳಿದರು. “ಆ ಹೊತ್ತಿಗೆ ನಾನು ಪರೀಕ್ಷೆಗೂ ಎದ್ದವನಲ್ಲ” ಎಂದು ಅಧಿಕಾರಿಗಳು ನಕ್ಕರು.

ಹತ್ತು ಗಂಟೆಗೆ ಅವರ ಮುಖ ಚೆನ್ನಾಗಿಯೇ ಇತ್ತು. ಹನ್ನೊಂದಕ್ಕೆ ಗಂಟೆ ಬಾರಿಸುವುದು ಜಾಸ್ತಿಯಾಯಿತು. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿಲ್ಲವೆಂದು ಅಟೆಂಡರ್‌ಗೆ ನೋಟಿಸ್ ಬಂತು. ಬರೆಯುವಾಗ ಬಳೆ ಸದ್ದು ಮಾಡುತ್ತೇನೆಂದು ನನಗೆ ಒಂದು. ಹನ್ನೆರಡೂವರೆಗೆ ಭಾಯ್‌ಗೆ ಬಂತು ನೋಡಿ, ಅದು ತಮಾಷೆಯದಲ್ಲ. ಆನವಟ್ಟಿ ದಾಟಿ ಬಂದಳಿಕೆ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅಣ್ಣ ತಮ್ಮಂದಿರ ಗಡಿ ತಕರಾರು ಹನ್ನೊಂದು ವರ್ಷದಿಂದ ಕೊಳೆಯುತ್ತಿತ್ತು. ಆ ಕಡತವನ್ನು ಹಬ್ಬದೊಳಗೆ ಇಬ್ಬರ ಸಹಿಯೊಂದಿಗೆ ಮುಗಿಸಬೇಕು, ತಪ್ಪಿದಲ್ಲಿ ರಜೆ ಪರಿಗಣಿಸಲಾಗುವುದಿಲ್ಲ ಎಂದು ಬರೆದಿದ್ದರು.

ನಾನು ಆವತ್ತು ಬಹಳ ಚುರುಕಾಗಿದ್ದೆ. ಕಾಗದ ಬಂದ ತಕ್ಷಣ ನಂಬರ್ ಹಾಕಿ, ಮೇಲಿನ ಕಚೇರಿಗೂ ಒಂದು ಪ್ರತಿ ಕಳಿಸಿಬಿಟ್ಟೆ. ಆಮೇಲೆ ಓದಿದೆ.

ಒಂದೂವರೆಯ ಹೊತ್ತಿಗೆ ನಾಲ್ಕನೇ ನೋಟಿಸ್ ಟೈಪಾಗುತ್ತಿತ್ತು. ನಾವೆಲ್ಲ ಸೇರಿ ಭಾಯ್ ಕಾಲು ಹಿಡಿಯುವುದೊಂದು ಬಾಕಿ. “ಏನಾದರೂ ಮಾಡಿ ಅವರಿಗೆ ಊಟ ಮಾಡ್ಸಿ ಭಾಯ್.” ಭಾಯ್ ಒಳಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು, ನಾನು ಕಿವಿ ಕೊಟ್ಟೆ.

“ಸರ್, ನಮ್ಮಲ್ಲಿ ಪ್ರಯಾಣ ಹೋಗೋರಿಗೆ ಉಪವಾಸ ಬಿಡಾಕ ಅವಕಾಶ ಐತಿ. ತಾವು ಎರಡು ಗಂಟೆಗೆ ಆನವಟ್ಟಿ ಕಡೆ ತಪಾಸಣೆಗೆ ಹೊಂಟೀರಲ್ಲ?”

“ಇಲ್ವಲ್ಲ, ಇವತ್ತು ಯಾವ ತಪಾಸಣೆನೂ ಇಲ್ಲ.”

“ಹಾಕ್ಕೊಳ್ರಿ ಸರ್.”

ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗಲೇ ಜೀಪು ಹೊರಟಿತು. ನಾನು ಭಾಯ್‌ಗೆ ಕೇಳಿದೆ: “ಆನವಟ್ಟಿ ಅಷ್ಟೊಂದು ದೂರ ಏನಲ್ವಲ್ಲ? ನಿಮ್ಮಲ್ಲಿ ಅದನ್ನ ಪ್ರಯಾಣ ಅಂತಾರಾ?”

“ನಮಗೆ ಹತ್ರ ಮೇಡಂ. ಹಸದೋರಿಗೆ ದೂರ.”

ಊಟವಾದ ಮೇಲೆ ಅಧಿಕಾರಿಗಳು ಬಹಳ ಒಳ್ಳೆಯವರಾಗಿ ವಾಪಸ್ ಬಂದರು. ಅಟೆಂಡರ್‌ನ ನೋಟಿಸ್ ಹರಿದರು, ನನ್ನದು ಹರಿದರು. ಭಾಯ್ ನೋಟಿಸ್ ಮಾತ್ರ ಹರಿಯಲಾಗಲಿಲ್ಲ. ನಂಬರ್ ಬಿದ್ದಿತ್ತು, ಪ್ರತಿ ಮೇಲಕ್ಕೆ ಹೋಗಿತ್ತು. “ಅಷ್ಟು ಬೇಗ ಕಳಿಸು ಅಂತ ಯಾರು ಹೇಳಿದ್ದು?” ಎಂದು ನನ್ನನ್ನೇ ಕೇಳಿದರು. ಹೊಟ್ಟೆ ತುಂಬಿದರೂ ಬೈಗುಳ ಬೈಗುಳವೇ. ಭಾಯ್ ಕಡತ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಅದೇ ತಿಂಗಳು ಆನವಟ್ಟಿ ಕಡೆ ಇನ್ನೂ ನಾಲ್ಕು ತಪಾಸಣೆ ಆದವು, ಎಲ್ಲವೂ ಮಧ್ಯಾಹ್ನ ಎರಡಕ್ಕೇ. ಅಧಿಕಾರಿಗಳು ಮಾತ್ರ ಆಮೇಲೆ ಒಂದು ದಿನವೂ ಉಪವಾಸ ಇರಲಿಲ್ಲ.

೪. ನನ್ನ ಸಹಕಾರ

ಇಲ್ಲಿಯವರೆಗೆ ಬೇರೆಯವರನ್ನು ಆಡಿಕೊಂಡಿದ್ದಾಯಿತು. ಇನ್ನು ನನ್ನದು.

ನಾನು ಏಕಾದಶಿ ಮಾಡುವವಳು. ಉಪವಾಸದ ದಿನ ತಿನ್ನುವ ಪದಾರ್ಥ ಕಣ್ಣಿಗೆ ಬೀಳಬಾರದು, ಬಿದ್ದರೆ ಕತೆ ಮುಗಿಯಿತು, ಇದು ನನ್ನ ಸ್ವಂತ ಅನುಭವ. ಒಂದು ದಿನ ನೋಡುತ್ತೇನೆ, ಭಾಯ್ ಚೀಲದ ಬಾಯಿ ತೆರೆದಿದೆ. ಒಳಗೆ ನೀರಿನ ಬಾಟ್ಲಿ, ಪಕ್ಕದಲ್ಲಿ ಖರ್ಜೂರದ ಡಬ್ಬಿ. ಅಯ್ಯೋ ಪಾಪ, ದಿನವಿಡೀ ಇದನ್ನು ನೋಡುತ್ತಾ ಹೇಗೆ ಇರುತ್ತಾರೆ ಎಂದು ಕರುಳು ಚುರ್ ಎಂದಿತು. ಅವರು ಹೊರಗೆ ಹೋದಾಗ ಎರಡನ್ನೂ ತೆಗೆದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಂಜೆ ಕೊಟ್ಟರಾಯಿತು ಎಂದುಕೊಂಡೆ. ಸಂಜೆ ನನ್ನ ಬಸ್ಸು ಬೇಗ ಬಂತು.

ಮರುದಿನ ಬೆಳಿಗ್ಗೆ ನೆನಪಾಗಿ ಕಚೇರಿಗೆ ಓಡಿದೆ. ಭಾಯ್ ಎಂದಿನಂತೆ ಕೂತಿದ್ದರು. ತಪ್ಪಾಯಿತು ಎಂದೆ. “ಇರ್ಲಿ ಬಿಡ್ರಿ ಮೇಡಂ. ಶಿಕಾರಿಪುರದ ದಾರ್ಯಾಗ ಸೂರ್ಯ ಮುಳುಗ್ತು. ಚೀಲ ನೋಡ್ತೀನಿ, ಖಾಲಿ. ಅಲ್ಲೇ ರಸ್ತೆ ಬದಿ ಅನಾನಸ್ ಲಾರಿಗೆ ತುಂಬ್ತಿದ್ರು. ನೀರು ಕೊಟ್ರು, ಒಂದು ಹೋಳು ಹಣ್ಣೂ ಕೊಟ್ರು. ರುಚಿ ಚಲೋ ಇತ್ತು” ಎಂದರು.

ನನಗೆ ಇನ್ನೂ ಸಂಕಟವಾಯಿತು. “ಹಾಗಲ್ಲ ಭಾಯ್, ಉಪವಾಸದ ಕಷ್ಟ ನನಗೂ ಗೊತ್ತಿದೆ. ನಾನೂ ತಿಂಗಳಿಗೆ ಎರಡು ಮಾಡ್ತೀನಿ. ಅದಕ್ಕೇ ನಿಮಗೆ ಆಸೆ ಆಗಬಾರದು ಅಂತ ಎತ್ತಿಟ್ಟೆ” ಎಂದೆ.

“ಹೌದ್ರೀ? ಏಕಾದಶಿ ದಿನ ಏನೇನು ತಗೊಳ್ತೀರಿ?”

ನಾನು ಹೇಳತೊಡಗಿದೆ. ಬೆಳಿಗ್ಗೆ ಅವಲಕ್ಕಿ, ಹಾಲು, ಬಾಳೆಹಣ್ಣು. ಹನ್ನೊಂದಕ್ಕೆ ಸ್ವಲ್ಪ ಕಾಫಿ. ಮಧ್ಯಾಹ್ನ ಸಾಬಕ್ಕಿ ಉಪ್ಪಿಟ್ಟು, ಮೊಸರು, ಗೆಣಸು. ಸಂಜೆ ಶೇಂಗಾ ಉಂಡೆ. ರಾತ್ರಿ ಏನೂ ಇಲ್ಲ, ಉಪ್ಪಿಟ್ಟು ಉಳಿದಿದ್ದರೆ ಅದು, ಇಲ್ಲವಾದರೆ ದೋಸೆ. ಹೇಳುತ್ತಾ ಹೋದ ಹಾಗೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಭಾಯ್ ಎಲ್ಲ ಕೇಳಿ ಬಹಳ ಗೌರವದಿಂದ ತಲೆ ಆಡಿಸಿದರು. “ಕಷ್ಟ ಐತಿ ಮೇಡಂ. ನಾವು ಹಬ್ಬದ ದಿನಾನೂ ಇಷ್ಟು ತಿನ್ನಾಕ ಆಗಂಗಿಲ್ಲ.”

೫. ತಕರಾರಿನ ಬಾವಿ

ಹಬ್ಬಕ್ಕೆ ಐದು ದಿನ ಉಳಿದಿತ್ತು. ಅಣ್ಣ ತಮ್ಮಂದಿರ ಜಮೀನು ಅಳೆಯಲು ಹೊರಟೆವು, ಭಾಯ್ ಬೈಕಿನಲ್ಲಿ, ನಾನು ಆನವಟ್ಟಿಯವರೆಗೆ ಬಸ್ಸು, ಅಲ್ಲಿಂದ ಆಟೊ. ಮಹಜರು ಬರೆಯಲು ನಾನೇ ಬರುತ್ತೇನೆಂದು ಕೇಳಿಕೊಂಡಿದ್ದೆ. ಆ ನೋಟಿಸಿಗೆ ನಂಬರ್ ಹಾಕಿದ ಕೈ ನನ್ನದಲ್ಲವೇ. ಭಾಯ್‌ಗೆ ರಜೆ ಕೊಡಿಸದೆ ನಾನೂ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದೆ.

ಆ ಕಡತದ ಕಥೆ ನನಗೆ ಬಾಯಿಪಾಠ. ಹೊಲ ಅಳೆಯಲು ಹೋದವರಿಗೆ ಏನಾದರೂ ಕುಡಿಯಲು ಕೊಡುವುದು ನಮ್ಮ ಕಡೆಯ ಪದ್ಧತಿ. ಯಾರ ಮನೆಯಲ್ಲಿ ಕುಡಿದರೋ ಅವರ ಕಡೆ ವಾಲಿದರು ಎಂದು ಎದುರು ಪಾರ್ಟಿಯವರು ಬರೆಯುವುದೂ ಪದ್ಧತಿ. ಇಲ್ಲಿಗೆ ಮೊದಲು ಬಂದ ಸರ್ವೆಯರ್ ಅಣ್ಣನ ಮನೆಯಲ್ಲಿ ಚಹಾ ಕುಡಿದರು, ತಮ್ಮ ಸಹಿ ಹಾಕಲಿಲ್ಲ. ಎರಡನೆಯವರು ತಮ್ಮನ ಮನೆಯಲ್ಲಿ ಮಜ್ಜಿಗೆ ಕುಡಿದರು, ಅಣ್ಣ ಸಹಿ ಹಾಕಲಿಲ್ಲ. ಮೂರನೆಯವರು ಬುದ್ಧಿವಂತರು, ಇಬ್ಬರ ಮನೆಯಲ್ಲೂ ಕುಡಿದರು. ಆದರೆ ಅಣ್ಣನ ಮನೆಯಲ್ಲಿ ಮೊದಲು ಕುಡಿದದ್ದಕ್ಕೆ ತಮ್ಮ ಎರಡು ಪುಟದ ದೂರು ಕೊಟ್ಟ. ನಾಲ್ಕನೆಯವರು ಎಲ್ಲಿಯೂ ಕುಡಿಯಲಿಲ್ಲ. “ನಮ್ಮ ಮನೆ ನೀರೂ ಮುಟ್ಟದವರ ಅಳತೆ ನಮಗೆ ಬೇಡ” ಎಂದು ಆವತ್ತು ಅಣ್ಣ ತಮ್ಮ ಒಂದೇ ಕಾಗದದಲ್ಲಿ ದೂರು ಕೊಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಭಾಯ್ ಬಂದದ್ದು ಉಪವಾಸದಲ್ಲಿ. ಅಣ್ಣ ಚಹಾ ಎಂದ, ರೋಜಾ ಐತಿ ಎಂದರು. ತಮ್ಮ ಎಳನೀರು ಎಂದ, ರೋಜಾ ಐತಿ ಎಂದರು. ಇಬ್ಬರಿಗೂ ದೂರು ಬರೆಯಲು ಜಾಗವೇ ಇರಲಿಲ್ಲ. ಬಿಸಿಲಲ್ಲಿ ಮೂರು ಗಂಟೆ ಸರಪಳಿ ಹಿಡಿದು, ಗಡಿಯ ಹಳೆ ಬಾಂದುಕಲ್ಲು ಹುಡುಕಿ ಅಗೆಸಿ, ಅವರು ಅಳೆಯುವುದನ್ನು ಅಣ್ಣ ತಮ್ಮ ಬಾಯಿ ಮುಚ್ಚಿಕೊಂಡು ನೋಡಿದರು. ಒಬ್ಬರಿಗೊಬ್ಬರು ಮಾತಿಲ್ಲ. ಏನಿದ್ದರೂ ನನ್ನ ಮೂಲಕ. “ಅವರಿಗೆ ಸ್ವಲ್ಪ ಆ ಕಡೆ ಸರೀರಿ ಅಂತ ಹೇಳ್ರಿ ಅಕ್ಕಾರ.” ಅವರು ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದರು.

ಗೆರೆ ಎಳೆದಾಗ ಸಂಜೆ ಆರು. ಅಪ್ಪ ತೋಡಿಸಿದ್ದ ಬಾವಿ ಯಾರ ಭಾಗಕ್ಕೆ ಎನ್ನುವುದೇ ಜಗಳದ ಮೂಲ. ಗೆರೆ ಬಾವಿಯ ನಟ್ಟನಡುವೆ ಹಾದುಹೋಗಿತ್ತು. “ಬಾವಿ ಇಬ್ಬರದೂ. ಸಹಿ ಹಾಕ್ರಿ” ಎಂದರು ಭಾಯ್.

“ಮೊದಲು ಅವರು ಹಾಕ್ಲಿ ಅಂತ ಹೇಳ್ರಿ” ಎಂದ ಅಣ್ಣ. “ದೊಡ್ಡವರು ಅವರು, ಅವರೇ ಮೊದಲು ಹಾಕ್ಲಿ ಅಂತ ಹೇಳ್ರಿ” ಎಂದ ತಮ್ಮ. ಅರ್ಧ ಗಂಟೆ ಇದೇ ನಡೆಯಿತು. ಸೂರ್ಯ ಕೆಂಪಗಾದ. ನಾನು ಭಾಯ್ ರಜೆಯ ಆಸೆ ಬಿಟ್ಟೆ.

ಉಪವಾಸ ಬಿಡಲು ಇನ್ನು ಎಂಟು ನಿಮಿಷ ಎಂದು ಮೊಬೈಲ್ ನೋಡಿ ಭಾಯ್ ಚೀಲಕ್ಕೆ ಕೈ ಹಾಕಿದರು. ತಡಕಾಡಿದರು. ಚೀಲ ಬೋರಲು ಹಾಕಿದರು. ಟೇಪು, ಸ್ಕೇಲು, ಕಾಗದ ಬಿದ್ದವು. ಬಾಟ್ಲಿ ಇಲ್ಲ, ಡಬ್ಬಿ ಇಲ್ಲ. ಹಿಂದಿನ ಸಲದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಬೆಳಿಗ್ಗೆ ನಾನೇ ಅವರ ಚೀಲದಿಂದ ಆ ಬಾಟ್ಲಿ ತೆಗೆದು, ತೊಳೆದು, ಕಚೇರಿಯ ಮಡಕೆಯ ತಣ್ಣನೆಯ ನೀರು ತುಂಬಿದ್ದೆ. ಡಬ್ಬಿಗೆ ನನ್ನ ಲೆಕ್ಕದಲ್ಲಿ ನಾಲ್ಕು ಬಾದಾಮಿಯನ್ನೂ ಹಾಕಿದ್ದೆ. ಎರಡನ್ನೂ ಮಡಕೆಯ ಪಕ್ಕದಲ್ಲೇ ಬಿಟ್ಟು ಬಂದಿದ್ದೆ.

ನಾನು ಬಾಯಿ ಬಿಡುವ ಮೊದಲೇ ಅಣ್ಣ ತಮ್ಮಂದಿರಿಗೆ ವಿಷಯ ಅರ್ಥವಾಗಿತ್ತು. ಇಬ್ಬರೂ ತಮ್ಮ ತಮ್ಮ ಮನೆಗೆ ಓಡಿದರು. ಅಣ್ಣ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ, ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದುಕೊಂಡು ಬಂದು ಭಾಯ್ ಮುಂದೆ ನಿಂತರು. ನಾಲ್ಕು ಕೈಯಲ್ಲಿ ಎರಡು ಚೆಂಬು. ಹನ್ನೊಂದು ವರ್ಷದ ಕಡತ ಪೂರ್ತಿ ನನ್ನ ಕಣ್ಣ ಮುಂದೆ ಬಂತು. ಯಾವ ಚೆಂಬು ಮುಟ್ಟಿದರೂ ಐದನೇ ದೂರು.

ಭಾಯ್ ಎರಡನ್ನೂ ಮುಟ್ಟಲಿಲ್ಲ. ಬಾವಿ ಕಟ್ಟೆಯ ಮೇಲೆ ಕುಳಿತರು. “ನಾನು ಈ ಬಾವಿ ನೀರು ಕುಡೀತೀನಿ. ಆದ್ರ ಇದು ಈಗ ತಕರಾರಿನ ಬಾವಿ. ತಕರಾರಿನ ಸ್ವತ್ತಿನ್ಯಾಗ ಸರ್ಕಾರಿ ನೌಕರ ಒಂದು ಹನಿ ಮುಟ್ಟಂಗಿಲ್ಲ. ನೀವು ಸಹಿ ಹಾಕಿದ್ರ ಕುಡೀತೀನಿ. ಇಲ್ಲಾಂದ್ರ ಹಿಂಗೇ ಕೂತಿರ್ತೀನಿ. ಅವಸರ ಏನಿಲ್ಲ. ಇನ್ನೂ ಆರು ನಿಮಿಷ ಐತಿ.”

ಮೊದಲು ಮಾತಾಡಿದ್ದು ಹೆಂಗಸರು. ಎರಡೂ ಮನೆಯ ಹಿತ್ತಲ ಬಾಗಿಲಿಂದ ಒಂದೇ ಸಲ ದನಿ ಬಂತು. “ಸಹಿ ಹಾಕ್ರಿ ಅಂದ್ರ. ಬೆಳಗಿಂದ ಉಪಾಸ ಇದ್ದೋರನ್ನ ನಮ್ಮ ಬಾವಿ ಮೇಲೆ ಬಾಯಾರಿಸಿ ಕೂರಿಸಿ, ಆ ಪಾಪ ಯಾರು ಕಟ್ಟಿಕೊಳ್ಳಾದು? ಮಕ್ಕಳು ಮರಿ ಇರೋ ಮನಿ.”

“ಮೊದಲು ಯಾರು?” ಎಂದ ತಮ್ಮ, ಆದರೆ ಈ ಸಲ ದನಿಯಲ್ಲಿ ಜೋರಿರಲಿಲ್ಲ.

“ಎರಡು ಪ್ರತಿ ಅದಾವು. ಒಂದೊಂದು ಹಿಡ್ಕೊಳ್ರಿ, ಒಟ್ಟಿಗೇ ಹಾಕ್ರಿ, ಆಮೇಲೆ ಅದಲು ಬದಲು ಮಾಡ್ಕೊಳ್ರಿ. ಮೇಡಂ, ಮೂರು ಅಂತ ಎಣಸ್ರಿ” ಎಂದರು ಭಾಯ್.

ನಾನು ಎರಡು ಪೆನ್ನು ಕೊಟ್ಟೆ. ಒಂದು, ಎರಡು, ಮೂರು. ಅಣ್ಣ ಬರೆಯತೊಡಗಿದ. ತಮ್ಮನ ಪೆನ್ನು ಮೂಡಲಿಲ್ಲ. ಅಂಗೈ ಮೇಲೆ ಗೀಚಿದ, ಊದಿದ, ಝಾಡಿಸಿದ, ಏನೂ ಇಲ್ಲ. ಇನ್ನು ಮೂರು ನಿಮಿಷ. ಅಣ್ಣ ಅರ್ಧ ಸಹಿಯಲ್ಲಿ ಕೈ ನಿಲ್ಲಿಸಿದ. ತಮ್ಮನ ಮುಖ ನೋಡಿದ. ತನ್ನ ಪೆನ್ನು ಅವನ ಮುಂದೆ ಚಾಚಿ, “ಇದರಾಗ ಹಾಕು” ಎಂದ. ನನ್ನ ಮೂಲಕ ಹೇಳಲಿಲ್ಲ. ತಮ್ಮ ಸಹಿ ಹಾಕಿ ಪೆನ್ನು ವಾಪಸ್ ಕೊಟ್ಟ. ಅಣ್ಣ ಉಳಿದರ್ಧ ಬರೆದ, ಪ್ರತಿ ಅದಲು ಬದಲಾಗಿ ಇನ್ನೊಂದೊಂದು ಸಹಿಯೂ ಬಿತ್ತು. ಹನ್ನೊಂದು ವರ್ಷದ ಜಗಳದಲ್ಲಿ ಮೊದಲು ಯಾರು ಹಾಕಿದರು ಎಂದು ಆಮೇಲೆ ಯಾರೂ ಕೇಳಲಿಲ್ಲ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಧೂಳು ಬಿತ್ತು ಎಂದೆ.

ಅಣ್ಣ ಕೊಡ ಇಳಿಬಿಟ್ಟ, ತಮ್ಮ ಹಗ್ಗ ಹಿಡಿದ. ಮೊಬೈಲಿನಲ್ಲಿ ನಮಾಜಿನ ಬಾಂಗ್ ಕೂಗುವುದಕ್ಕೂ ಕೊಡ ಮೇಲೆ ಬರುವುದಕ್ಕೂ ಸರಿಹೋಯಿತು. ಭಾಯ್ ಎರಡೂ ತಟ್ಟೆಯಿಂದ ಒಂದೊಂದು ಚೂರು ಬೆಲ್ಲ ಬಾಯಿಗಿಟ್ಟು, ಬೊಗಸೆಯಲ್ಲಿ ನೀರು ಕುಡಿದರು.

ಮರುದಿನ ಅಧಿಕಾರಿಗಳು ಕಡತ ನೋಡಿ, ಎರಡು ಸಲ ತಿರುವಿ, ರಜೆಗೆ ಸಹಿ ಹಾಕಿದರು. ಗಡಿ ತಕರಾರಿನ ಕಡತಗಳನ್ನೆಲ್ಲ ಇನ್ನು ಮುಂದೆ ರಂಜಾನ್ ತಿಂಗಳಿಗೇ ಎತ್ತಿಡಿ ಎಂದು ನನಗೆ ಹೇಳಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಇಡೀ ದಿನ ಉಪವಾಸವಿದ್ದು ಬಿಸಿಲಲ್ಲಿ ದುಡಿದ ಮನುಷ್ಯನನ್ನು ಒಂದು ಗುಟುಕು ನೀರಿಲ್ಲದ ಹಾಗೆ ಮಾಡಿದೆನಲ್ಲ, ಆ ಸಹಿ ಬೀಳದಿದ್ದರೆ ಏನು ಗತಿಯಾಗುತ್ತಿತ್ತು ಎಂದು ಕೊರಗುತ್ತಲೇ ಇದ್ದೆ.

ಹಬ್ಬದ ದಿನ ಕಚೇರಿಯವರೆಲ್ಲ ಶಿಕಾರಿಪುರಕ್ಕೆ ಅವರ ಮನೆಗೆ ಹೋದೆವು. ಭಾಯ್ ಹೊಸ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ಹೊಸ ಅಳಿಯ. ಹಾಲು, ಶ್ಯಾವಿಗೆ, ಖರ್ಜೂರದ ಸುರಕುಂಬ ಬಟ್ಟಲು ಬಟ್ಟಲಾಗಿ ಬಂತು. ಅಳಿಯನ ಉಪಚಾರ ನೋಡಿ ನನ್ನ ಮನಸ್ಸು ತುಂಬಿ ಬಂತು, ತಡೆಯಲಾಗದೆ ಒಳಗೆ ಹೋಗಿ ಅವರ ಹೆಂಡತಿಯ ಕೈ ಹಿಡಿದು ಎಲ್ಲ ಹೇಳಿ, “ಆವತ್ತು ನಿಮ್ಮ ಯಜಮಾನ್ರ ಹತ್ರ ನೀರಿನ ಬಾಟ್ಲಿ ಇರದ ಹಾಗೆ ಮಾಡಿದ್ದು ನಾನೇ, ಕ್ಷಮಿಸಬೇಕು” ಎಂದೆ.

ಆಕೆಗೆ ಏನೂ ಅರ್ಥವಾಗಲಿಲ್ಲ. “ಬಾಟ್ಲಿ ಇರಲಿಲ್ಲ ಅಂದ್ರ? ಇತ್ತಲ್ರೀ. ಬೈಕಿನ ಸೈಡ್ ಬಾಕ್ಸ್‌ನ್ಯಾಗ ನಾನೇ ಇಟ್ಟಿದ್ದೆ, ಖರ್ಜೂರನೂ ಇತ್ತು. ತುಂಬಿದ ಬಾಟ್ಲಿ ಹಂಗೇ ವಾಪಸ್ ತಂದಾರ ಅಂತ ಆವತ್ತು ನಾನು ಬೈದೆ.”

ನಾನು ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದೆ. “ಭಾಯ್, ಆವತ್ತು ಬೈಕಿನಲ್ಲಿ ನೀರಿತ್ತಾ?”

“ಇತ್ತಲ್ರೀ.”

“ಮತ್ತೆ ಬಾವಿ ಕಟ್ಟೆ ಮೇಲೆ ಹಾಗೆ ಕೂತ್ಕೊಂಡ್ರಲ್ಲ?”

“ಬಾವಿ ನೀರು ಕುಡೀತೀನಿ ಅಂದೆ ಮೇಡಂ. ಬೇರೆ ನೀರಿಲ್ಲ ಅಂತ ಎಲ್ಲಿ ಅಂದೆ? ಮಹಜರು ನೀವೇ ಬರದೀರಿ, ಓದಿ ನೋಡ್ರಿ.”

ಅಧಿಕಾರಿಗಳು ಸುರಕುಂಬದ ಮೂರನೇ ಬಟ್ಟಲು ಕೆಳಗಿಟ್ಟು ನಗತೊಡಗಿದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಅದೆಲ್ಲ ಸರ್ಕಾರಿ ಬುದ್ಧಿ, ಬಿಡಿ. ಆದ್ರೆ ಒಬ್ಬ ಮನುಷ್ಯ ಚೀಲದಲ್ಲಿ ಒಂದು ಬಾಟ್ಲಿ, ಬೈಕಿನಲ್ಲಿ ಒಂದು ಬಾಟ್ಲಿ ಯಾಕೆ ಇಟ್ಕೋತಾನೆ?” ಎಂದು ಕೇಳಿದೆ.

ಭಾಯ್ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕುತ್ತಾ, ಹೊಸ ಅಳಿಯನ ಎದುರಿಗೇ ಹೇಳಿದರು: “ಮೊದಲು ಒಂದೇ ಇಟ್ಕೋತಿದ್ದೆ ಮೇಡಂ. ನೀವು ಸಹಕಾರ ಕೊಡಾಕ ಶುರು ಮಾಡಿದ ಮೇಲೆ ಎರಡು.”